ಮೂವತ್ತಾರು ತಿಂಗಳ ಪಟ್ಟಿ

“ಪಟ್ಟಿ ಖಾಲಿ ಬಿಡಬಾರದು ಅಂತ ನನ್ನ ಹೆಸರು ತುಂಬಿಸಿದ್ದು ಸರ್ ಅದು. ನಾನು ಇರ್ತೇನೆ ಅಂತ ಅಲ್ಲ,” ಎಂದು ಡಾಕ್ಟರ್ ತುಂಗಾ ಮೂರನೆಯ ಸಲ ಹೇಳಿದಳು.

ಡೀನ್ ವಿಷ್ಣುಪ್ರಸಾದರು ಮೂರನೆಯ ಸಲವೂ ನಕ್ಕರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಬೈಯುವವರಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು.

“ಬರೆದದ್ದು ನೀವೇ ಅಲ್ವಾ ಅಮ್ಮಾ? ನಾನು ಕಳಿಸಿದೆ, ಅಷ್ಟೆ. ಇನ್ಸ್‌ಪೆಕ್ಷನ್‌ನವರು ಹನ್ನೊಂದಕ್ಕೆ ಬರ್ತಾರೆ. ಹೋಗ್ತೇನೆ ಅಂತ ಅವರ ಮುಂದೆ ಹೇಳಿ, ಸಂಜೆಯೇ ರಿಲೀವ್ ಮಾಡ್ತೇನೆ. ಇರ್ತೇನೆ ಅಂತ ಸೈನ್ ಹಾಕಿದ್ರೆ ನಮಗೆ ಅನಸ್ತೇಸಿಯದಲ್ಲಿ ಎರಡು ಪಿಜಿ ಸೀಟು. ನನ್ನ ಒತ್ತಾಯ ಏನೂ ಇಲ್ಲ.”

ಒತ್ತಾಯ ಇಲ್ಲವಂತೆ! ಕಟ್ಟಿಹಾಕಿದ್ದರೆ ಬಿಡಿಸಿಕೊಳ್ಳಬಹುದು. ಬಾಗಿಲು ತೆರೆದಿಟ್ಟು ‘ನಿಮ್ಮಿಷ್ಟ’ ಅಂದವರಿಂದ ತಪ್ಪಿಸಿಕೊಳ್ಳುವುದು ಹೇಗೆ?

ಮೈಸೂರಿಗೆ ವರ್ಗ ಕೊಡಿ ಎಂದು ತುಂಗಾ ನಾಲ್ಕು ವರ್ಷ ಅರ್ಜಿ ಹಾಕಿದ್ದಳು. ಅಲ್ಲಿ ಗಂಡ ಆಕರ್ಷ, ಒಂಬತ್ತು ವರ್ಷದ ಮಗಳು ತನ್ಮಯೀ. ತಾಯಿ ಈ ಊರಿನ ಕೆಲಸಕ್ಕೆ ಬಂದಾಗ ಆ ಮಗುವಿಗೆ ಐದು ವರ್ಷ. ಹಲ್ಲು ಬಿದ್ದದ್ದು, ಮತ್ತೆ ಹುಟ್ಟಿದ್ದು ಎಲ್ಲವನ್ನೂ ತುಂಗಾ ಫೋನಿನಲ್ಲಿ ನೋಡಿದವಳು. ಅಂತೂ ಆದೇಶ ಬಂದಿತ್ತು. ಸೋಮವಾರದೊಳಗೆ ಹೋಗಿ ಸೇರದಿದ್ದರೆ ರದ್ದು. ಇವತ್ತು ಶುಕ್ರವಾರ.

ಆ ಪಟ್ಟಿ ಬರೆದದ್ದು ಆರು ತಿಂಗಳ ಹಿಂದೆ. ಹೊಸ ಸರ್ಕಾರಿ ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗಕ್ಕೆ ಪಿಜಿ ವಿದ್ಯಾರ್ಥಿಗಳು ಬಂದರೆ ಮೂರು ವರ್ಷ ಅವರಿಗೆ ಯಾವ ತಿಂಗಳು ಏನು ಕಲಿಸುವುದು, ಯಾರು ಕಲಿಸುವುದು ಎಂಬ ಯೋಜನೆ. ಕಲಿಸುವವರ ಖಾನೆಯಲ್ಲಿ ಬರೆಯಲು ಹೆಸರುಗಳೇ ಇರಲಿಲ್ಲ. ಗೈಡ್ ಆಗುವ ಅರ್ಹತೆ ಇಡೀ ವಿಭಾಗದಲ್ಲಿ ಅವಳೊಬ್ಬಳಿಗೇ. ಬೇರೆ ಯಾರಾದರೂ ಆಗಿದ್ದರೆ ‘ಭರ್ತಿಯಾಗಬೇಕಿದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ತುಂಗಾ ಪೂಜೆಯ ಮನೆಯವಳು. ಭಾಗಮಂಡಲದ ಆಚೆ ಅವಳ ಅಪ್ಪ ತಿರುಮಲೇಶ್ವರರ ಊರಿನ ಸಣ್ಣ ದೇವಸ್ಥಾನದಲ್ಲಿ ಐದು ಮನೆಗಳಿಗೆ ಪೂಜೆಯ ಪಾಳಿ. ಪಾಳಿಯ ಪಟ್ಟಿ ಬರೆಯುವವರು ಅಪ್ಪ. ಹೆಸರಿಲ್ಲದ ದಿನ ದೇವರಿಗೆ ಉಪವಾಸ ಎಂದು, ಯಾರಿಗೆ ಅನುಕೂಲವಾಗದಿದ್ದರೂ ಆ ಜಾಗದಲ್ಲಿ ತಮ್ಮ ಹೆಸರು ಬರೆದುಬಿಡುವರು. ಮಗಳು ಡಾಕ್ಟರಾದ ದಿನವೂ ಬರಲಿಲ್ಲ, ಪಾಳಿ ಇತ್ತು. ಆ ಸಿಟ್ಟು ಅವಳಲ್ಲಿ ಇನ್ನೂ ಇದೆ. ಸಿಟ್ಟಿದ್ದರೇನು, ಕೈ ಅಪ್ಪನದೇ. ಮೂವತ್ತಾರು ಖಾನೆಗಳಲ್ಲೂ ‘ಡಾ. ತುಂಗಾ’ ಎಂದು ಬರೆದು ನೆಮ್ಮದಿಯಾಗಿ ಮಲಗಿದ್ದಳು. ಹಗ್ಗ ಕೊಟ್ಟು ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಆಪರೇಷನ್ ಥಿಯೇಟರಿನಲ್ಲಿ ಬೆಳಗಿನ ಕೇಸು ಬಾಳೆಲೆ ಊರಿನವನು. ಕರಿಮೆಣಸು ಕುಯ್ಯುತ್ತಾ ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಅವನನ್ನು ವಾರ್ಡಿಗೆ ಕಳಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ನರ್ಸ್ ತಂಗಮ್ಮ ಬಂದು ನಿಂತಳು.

“ನೀವು ಹೋಗಿ ಮೇಡಂ. ಮಗು ಅಲ್ಲಿದ್ದು, ತಾಯಿ ಇಲ್ಲಿದ್ದರೆ ಎಂಥ ಚೆಂದ?”

“ಇಲ್ಲಿ ಯಾರು ನೋಡ್ತಾರೆ ತಂಗಮ್ಮ?”

“ನೀವು ಬರುವ ಮುಂಚೆ ಯಾರು ನೋಡ್ತಿದ್ದರು? ಆಂಬುಲೆನ್ಸಿಗೆ ಹಾಕಿ ಮೈಸೂರಿಗೆ ಕಳಿಸ್ತಿದ್ದೆವು. ಹಾಗೇ ಕಳಿಸ್ತೇವೆ.”

ಸಮಾಧಾನಕ್ಕೆ ಹೇಳಿದ ಮಾತು. ತುಂಗಾಳಿಗೆ ಎಲ್ಲಿ ತಾಗಬಾರದೋ ಅಲ್ಲಿ ತಾಗಿತು. ಪಕ್ಕದಲ್ಲಿ ಸಿರಿಂಜುಗಳಿಗೆ ಚೀಟಿ ಅಂಟಿಸುತ್ತಿದ್ದ ಮೋಕ್ಷಿತಾ ತಲೆ ಎತ್ತಲಿಲ್ಲ. ದೂರದ ಕರಿಕೆ ಊರಿನ ಹುಡುಗಿ, ಎಂಬಿಬಿಎಸ್ ಮುಗಿಸಿ ಇಲ್ಲೇ ಡ್ಯೂಟಿ ಡಾಕ್ಟರ್. ಅವಳ ರ‍್ಯಾಂಕಿಗೆ ಅರಿವಳಿಕೆಯ ಸೀಟು ಸಿಕ್ಕರೆ ಇಂಥ ಹೊಸ ಕಾಲೇಜಿನಲ್ಲೇ. ಒಂದು ದಿನವೂ ಅವಳು ‘ಇರಿ ಮೇಡಂ’ ಎಂದು ಕೇಳಿದ್ದಿಲ್ಲ. ಇಲ್ಲ, ಹೋಗುತ್ತೇನೆ ಅಂತ ಹೇಳಿಯೇಬಿಡುತ್ತೇನೆ, ಮಗಳಿಗಿಂತ ಹೆಚ್ಚಿನದು ಯಾವುದೂ ಇಲ್ಲ ಎಂದು ಮೆಟ್ಟಿಲಿಳಿಯುತ್ತಾ ತುಂಗಾ ಗಟ್ಟಿಮಾಡಿಕೊಂಡಳು.

ಪರಿಶೀಲನೆಗೆ ಬಂದಿದ್ದ ಪ್ರೊಫೆಸರ್ ಧಾರವಾಡದ ಕಡೆಯವರು, ನೆತ್ತಿಯ ಮೇಲೆ ಕನ್ನಡಕ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ತುಂಗಾ ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರುಮಾಡಿದರು.

“ಎಲ್ಲಾ ಕಡೆ ನಿಮ್ಮ ಹೆಸರೇ ಅದಲ್ರೀ. ಇದೇನು ಪ್ಲಾನ್ ಏನ್ರೀ? ಕಾಗದದ ಮ್ಯಾಲೆ ಖಾನೆ ತುಂಬಿಸೀರಿ ಅಷ್ಟ.”

ಹೌದು ಸರ್ ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು, ಮೈಸೂರು. ಆದರೆ ತಾನು ಎರಡು ತಿಂಗಳು ಕೂತು ಬರೆದದ್ದನ್ನು ಒಬ್ಬ ‘ಅಷ್ಟೇ’ ಅಂದರೆ ಕೇಳಿಕೊಂಡು ಕೂರುವ ಜಾತಿಯವಳಲ್ಲ ಅವಳು.

“ಅಷ್ಟೇ ಅಲ್ಲ ಸರ್,” ಎಂದಳು. “ಮೊದಲ ತಿಂಗಳು ವಿದ್ಯಾರ್ಥಿಗಳು ಔಷಧಿ ಮುಟ್ಟುವ ಹಾಗೇ ಇಲ್ಲ. ರೋಗಿಯ ತಲೆಯ ಹತ್ತಿರ ನಿಂತು ಉಸಿರು ನೋಡಬೇಕು. ಮೆಷಿನ್ ಅಲ್ಲ, ಎದೆ.” ಆಮೇಲೆ ನಿಲ್ಲಲೇ ಇಲ್ಲ. ಎರಡನೆಯ ವರ್ಷ ಮೂರು ತಿಂಗಳು ತಾಲ್ಲೂಕು ಆಸ್ಪತ್ರೆ ಯಾಕೆ, ಕುಯ್ಲಿನ ಕಾಲದಲ್ಲಿ ಮೂಳೆ ಮುರಿತದ ಕೇಸು ಎಷ್ಟು, ಆ ತಿಂಗಳುಗಳಿಗೇ ಆ ಪಾಠ ಯಾಕೆ ಇಟ್ಟದ್ದು, ಕರಿಕೆಯಿಂದ ಬರುವ ಬಸುರಿಗೆ ದಾರಿಯಲ್ಲೇ ಎಷ್ಟು ಹೊತ್ತು ಹೋಗುತ್ತದೆ... ಕೈ ಬೀಸಿ ಬೀಸಿ ಹೇಳಿದಳು. ವಿಷ್ಣುಪ್ರಸಾದರು ಕಾಫಿ ಲೋಟ ಹಿಡಿದುಕೊಂಡೇ ಉಳಿದರು.

“ಮೂರನೇ ವರ್ಷ ಮುಗಿಯುವಾಗ ಅವರಿಬ್ಬರನ್ನೇ ಬಿಟ್ಟು ನಾನು ಮನೆಗೆ ಹೋಗಬಹುದು ಸರ್. ಅಲ್ಲಿಯವರೆಗೆ ಬಿಡುವ ಹಾಗಿಲ್ಲ.”

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅಯ್ಯೋ ದೇವರೇ, ಏನು ಹೇಳಿಬಿಟ್ಟೆ!

ಪ್ರೊಫೆಸರ್ ಕನ್ನಡಕ ಕೆಳಗಿಳಿಸಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. “ಇಷ್ಟು ವಿಚಾರ ಮಾಡಿ ಪ್ಲಾನ್ ಬರೆದವರನ್ನ ನಾ ಕಂಡಿಲ್ಲ ನೋಡ್ರಿ,” ಎಂದು ಹಾಳೆಯನ್ನು ಅವಳ ಕಡೆ ತಳ್ಳಿದರು. “ಇಲ್ಲಿ ಸಹಿ ಮಾಡ್ರಿ.”

ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಮೋಕ್ಷಿತಾಳ ಕಣ್ಣಿನಲ್ಲಿ ನೀರು ತುಂಬಿತ್ತು. ಡೀನ್ ಕಿಟಕಿಯ ಕಡೆ ನೋಡಿದರು. ಪೆನ್ನು ಯಾರು ಕೊಟ್ಟರೋ ತುಂಗಾಳಿಗೆ ಗೊತ್ತಾಗಲಿಲ್ಲ. ಸಹಿ ಹಾಕಿದಳು.

ಹೊರಗೆ ವರಾಂಡದಲ್ಲಿ ನಿಂತು ಆಕರ್ಷನಿಗೆ ಫೋನ್ ಮಾಡಿದಳು. ಎತ್ತಿದ್ದು ಮಗಳು.

“ಅಮ್ಮಾ, ಇವತ್ತು ಸ್ಕೂಲ್ ರಜ, ನಾವು ರೂಮ್ ಚೇಂಜ್ ಮಾಡ್ತಾ ಇದೀವಿ! ನಿನ್ನ ಬೀರು ಇಡಕ್ಕೆ ಜಾಗ ಬೇಕಲ್ಲ, ಅದಕ್ಕೆ ನನ್ನ ಟೇಬಲ್ ಸರಿಸ್ತಾ ಇದೀನಿ. ಅಪ್ಪನ ಹೆಲ್ಪ್ ಬೇಡ ಅಂದೆ, ನಾನೊಬ್ಬಳೇ.”

“ಪುಟ್ಟಾ...”

“ಇರು, ಫೋನ್ ಕೆಳಗಿಡ್ತೀನಿ, ಎರಡೂ ಕೈ ಬೇಕು.”

ಗಾರೆ ನೆಲದ ಮೇಲೆ ಮೇಜಿನ ಕಾಲು ಉಜ್ಜುವ ಸದ್ದು ಬಂತು. ನಿಂತಿತು. ಉಸ್ಸೆಂದು ಉಸಿರು ಬಿಟ್ಟು ಮತ್ತೆ ಎಳೆದಳು.

“ಇಷ್ಟು ಸಾಕಾ ಅಮ್ಮಾ?” ದೂರದಿಂದ ಕೂಗಿದಳು ತನ್ಮಯೀ. “ಇನ್ನೂ ಸ್ವಲ್ಪ ಸರಿಸ್ಲಾ?”