ಚೀಣಿ ಹಲ್ಲಯ್ಯನ ಪುಡಿ

ದಿಬ್ಬೂರಹಳ್ಳಿಯ ಅಮ್ಮಾಜಮ್ಮ ಯಾರನ್ನೂ ಸುಲಭವಾಗಿ ನಂಬಿದವಳಲ್ಲ. ಅಂಗಡಿಯಿಂದ ಬೆಲ್ಲ ತಂದರೆ ಮೊದಲು ಮೂಸಿ, ಆಮೇಲೆ ಮುರಿದು, ಕೊನೆಗೆ ನಾಲಿಗೆಗೆ ಹಚ್ಚಿ ನೋಡುವಳು. ಬಳೆಗಾರ ಜಗುಲಿಯಲ್ಲಿ ಕೂತಿದ್ದಷ್ಟು ಹೊತ್ತೂ ಅವಳ ಒಂದು ಕಣ್ಣು ಬಳೆಯ ಮೇಲೆ, ಇನ್ನೊಂದು ಕಣ್ಣು ನಡುಮನೆಯ ತಂಬಿಗೆಯ ಮೇಲೆ. ಗಂಡ ಬದುಕಿದ್ದಾಗ ಸಂತೆಯಿಂದ ಬಂದವನ ಎಕ್ಕಡದ ಮಣ್ಣು ನೋಡಿ ಯಾವ ದಾರಿಯಲ್ಲಿ ಬಂದ ಅಂತ ಹೇಳುತ್ತಿದ್ದಳಂತೆ. ಪಾಪ, ಆ ಮನುಷ್ಯ ನೆಟ್ಟಗೆ ಮನೆಗೇ ಬರುತ್ತಿದ್ದ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೇ" ಎನ್ನುವುದು ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು.

ಅವಳು ಕಣ್ಣು ಮುಚ್ಚಿ ನಂಬಿದ್ದು ಒಬ್ಬಳನ್ನೇ, ಸೊಸೆ ವೆಂಕಟರತ್ನಮ್ಮನನ್ನು. ಸೊಸೆ ಅಂದರೆ ಬೇರೆಯವಳಲ್ಲ, ಸ್ವಂತ ಅಣ್ಣ ಮುನಿವೆಂಕಟಪ್ಪನ ಮಗಳು. ಅಣ್ಣ ಅತ್ತಿಗೆ ಒಂದೇ ವಾರದಲ್ಲಿ ಪ್ಲೇಗಿಗೆ ತುತ್ತಾದಾಗ ಆರು ವರ್ಷದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಸಾಕಿ, ಮಗ ಚನ್ನಕೇಶವನಿಗೇ ಕೊಟ್ಟು ಮದುವೆ ಮಾಡಿದ್ದಳು. ಅಮ್ಮಾಜಮ್ಮನಿಗೆ ತವರು ಅಂತ ಉಳಿದಿದ್ದರೆ ಅದು ಆ ಹುಡುಗಿಯೊಬ್ಬಳೇ. ಹುಳುಮನೆಯಲ್ಲಿ ಅವಳ ಕೈ ಆಡಿದರೆ ರೇಷ್ಮೆ ಹುಳು ತಟ್ಟೆ ತುಂಬ ಎದ್ದು ಕೂರುತ್ತಿತ್ತು. ಯಾವ ಸೊಪ್ಪು ಎಳೆಯದು, ಯಾವ ತಟ್ಟೆಯ ಹುಳು ಜ್ವರಕ್ಕೆ ಕೂತಿದೆ, ಅಂದರೆ ಪೊರೆ ಬಿಡಲು ತಲೆಯೆತ್ತಿ ನಿಂತಿದೆ, ಎಲ್ಲ ಅವಳಿಗೆ ಕತ್ತಲಲ್ಲೂ ತಿಳಿಯುತ್ತಿತ್ತು.

ಅಂಥ ಹುಡುಗಿ ಅರವತ್ತೊಂದನೆಯ ಇಸವಿಯಿಂದ ಮಂಕಾಗುತ್ತ ಬಂದಳು. ಮುಖ ಊದಿತು. ಹುಬ್ಬಿನ ತುದಿಯ ಕೂದಲು ಉದುರಿತು. ದನಿ ಗಂಡಸಿನ ದನಿಯಂತೆ ಗೊಗ್ಗರಾಯಿತು. ಚೈತ್ರದ ಬಿಸಿಲಲ್ಲಿ ಊರೆಲ್ಲ ಬೀಸಣಿಗೆ ಹಿಡಿದಿದ್ದರೆ ಇವಳು ಕಂಬಳಿ ಹೊದ್ದು, "ಚಳಿ ಅತ್ತೆ" ಎನ್ನುವಳು. ಸೊಪ್ಪು ಹೆಚ್ಚುತ್ತ ಹೆಚ್ಚುತ್ತ ಕುಡುಗೋಲು ಕೈಯಲ್ಲಿರುವಂತೆಯೇ ತೂಕಡಿಸುವಳು. ಊರಿನ ಹೆಂಗಸರು ಸೋಮಾರಿ ಎಂದರು. ಎದುರುಮನೆಯ ಗಂಗುಲಮ್ಮನ ಕಣ್ಣು ಬಿದ್ದಿದೆ ಎಂದು ಅಮ್ಮಾಜಮ್ಮ ಮೆಣಸಿನಕಾಯಿ ನಿವಾಳಿಸಿದಳು. ಚಿಕ್ಕಬಳ್ಳಾಪುರದ ಡಾಕ್ಟರು ರಕ್ತ ಕಮ್ಮಿ ಎಂದು ಕೆಂಪು ಟಾನಿಕ್ಕು ಕೊಟ್ಟರು, ಅದನ್ನು ಮೂರು ಸೀಸೆ ಕುಡಿದರೂ ಏನೂ ಆಗಲಿಲ್ಲ. ದಿನ ಕಳೆದ ಹಾಗೆ ಹುಡುಗಿ ಕರೆದರೆ ತಿರುಗಿ ನೋಡುವುದಕ್ಕೂ ಹೊತ್ತು ಹಿಡಿಯತೊಡಗಿತು. ಇವಳೂ ಅಣ್ಣನ ದಾರಿ ಹಿಡಿದರೆ ನಾನು ಯಾರಿಗೆ ಮುಖ ತೋರಿಸಲಿ ಎಂದು ಅಮ್ಮಾಜಮ್ಮ ದಿಗಿಲುಬಿದ್ದಳು.

ಚಿಂತಾಮಣಿಯ ಚೀಣಿ ಹಲ್ಲಯ್ಯನ ಸುದ್ದಿ ತಂದವನು ಚನ್ನಕೇಶವ. ಆತನ ಹೆಸರು ವಾಂಗ್. ಚೀಣಾ ದೇಶದಿಂದ ಬಂದು ಇಪ್ಪತ್ತೈದು ವರ್ಷದಿಂದ ಅಲ್ಲಿ ಜನರಿಗೆ ಹಲ್ಲು ಕಟ್ಟಿಕೊಡುತ್ತಿದ್ದ, ಕೇಳಿದವರಿಗೆ ಸೂಜಿ ಚುಚ್ಚಿ ತನ್ನ ದೇಶದ ಮದ್ದೂ ಕೊಡುತ್ತಿದ್ದ.

"ಹಲ್ಲು ಕೀಳೋನಿಗೂ ಊದಿದ ಮುಖಕ್ಕೂ ಏನೋ ಸಂಬಂಧ?" ಎಂದಳು ಅಮ್ಮಾಜಮ್ಮ.

"ಸುಮ್ನೆ ಒಂದ್ಸಲ ತೋರ್ಸಣ ಕಣಮ್ಮ. ಕಳ್ಕೊಳೋದೇನೈತೆ?"

"ಅದನ್ನೇ ನೋಡ್ಬೇಕು, ಏನು ಕಳ್ಕೊತೀವಿ ಅಂತ" ಎಂದು ಅವಳೂ ಬಸ್ಸು ಹತ್ತಿದಳು.

ವಾಂಗ್ ಸಣಕಲು ಮುದುಕ. ಹುಡುಗಿಯ ಎರಡು ಕೈಯ ನಾಡಿಯನ್ನೂ ಮೂರು ಮೂರು ಬೆರಳಲ್ಲಿ ಹಿಡಿದು ಕೂತವನು ಎಷ್ಟು ಹೊತ್ತಾದರೂ ಬಿಡಲಿಲ್ಲ. ನಿದ್ದೆ ಹೋದನೇನೋ ಎಂದು ಅಮ್ಮಾಜಮ್ಮ ಕೆಮ್ಮಿದಳು. ನಾಲಿಗೆ ನೋಡಿದ. ನೀರು ಕುಡಿಸಿ, ಅದು ಗಂಟಲಲ್ಲಿ ಇಳಿಯುವುದನ್ನು ನೋಡಿದ. ಕೊನೆಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಇಕ್ಕಡ ಪೊಯ್ಯಿ ಆರಿಪೋಯಿಂದಮ್ಮಾ. ಗಂಟಲಲ್ಲಿ ಒಂದು ಒಲೆ ಇರುತ್ತೆ, ಮೈಗೆಲ್ಲ ಕಾವು ಕೊಡೋದು ಅದೇ. ಆರೋಗಿದೆ" ಎಂದ.

ಆಮೇಲೆ ಕೂದಲಿನಷ್ಟು ಸಣ್ಣ ಸೂಜಿಗಳನ್ನು ಕೈಗೆ, ಮೊಣಕಾಲ ಕೆಳಗೆ ಚುಚ್ಚಿದ. ಒಣಗಿದ ಮಾಚಿಪತ್ರೆಯನ್ನು ಉಜ್ಜಿ, ದಪ್ಪ ಬೀಡಿಯ ಹಾಗೆ ಸುತ್ತಿ, ತುದಿಗೆ ಬೆಂಕಿ ಹಚ್ಚಿ ಸೂಜಿಯ ಹತ್ತಿರ ಹಿಡಿದ. ಕೋಣೆ ತುಂಬ ಹೊಗೆ. ಹೊರಡುವಾಗ ಕಾಗದದ ಪೊಟ್ಟಣಗಳಲ್ಲಿ ಕಂದು ಪುಡಿ ಕೊಟ್ಟ.

"ಇದೇನಿದು?" ಎಂದಳು ಅಮ್ಮಾಜಮ್ಮ.

"ಮದ್ದು."

"ಮದ್ದು ಅಂತ ನಂಗೂ ಗೊತ್ತಾಯ್ತದೆ. ಯಾತರದು?"

"ಹೇಳಿದ್ರೆ ಕುಡಿಯಲ್ಲ" ಎಂದು ನಕ್ಕ. ಅಮ್ಮಾಜಮ್ಮನ ಎದೆಯಲ್ಲಿ ಅನುಮಾನ ಬೇರು ಬಿಡಲು ಅಷ್ಟೇ ಸಾಕಾಯಿತು. ಅದರ ಮೇಲೆ ಆತ ಸೊಸೆಯ ಬೆರಳಿನ ಸೊಪ್ಪಿನ ಕರೆ ನೋಡಿ, ಹುಳು ಎಷ್ಟು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತೆ, ಯಾವ ಜಾತಿಯದು, ಮನೆಗೆ ಗಾಳಿ ಹೇಗೆ ಬಿಡ್ತೀರಿ ಎಂದೆಲ್ಲ ಕೇಳಿದ. ತನ್ನ ತಾಯಿಯೂ ಹುಳು ಸಾಕುತ್ತಿದ್ದಳು ಎಂದ. ಹಲ್ಲು ಕಟ್ಟುವವನಿಗೆ ಹುಳುವಿನ ಉಸಾಬರಿ ಯಾಕೆ?

ವಾರಕ್ಕೊಮ್ಮೆ, ಭಾನುವಾರ ಭಾನುವಾರ, ಅತ್ತೆ ಸೊಸೆ ಚಿಂತಾಮಣಿಗೆ ಹೋಗಿ ಬಂದರು. ಎರಡು ತಿಂಗಳಿಗೆ ಹುಡುಗಿ ಕಂಬಳಿ ಕಿತ್ತೆಸೆದಳು. ಮೂರನೆಯ ತಿಂಗಳಿಗೆ ಮುಖ ಇಳಿದು ಮೊದಲಿನ ಗಲ್ಲ ಕಾಣಿಸಿತು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಹಾಡಿಕೊಳ್ಳುತ್ತಿದ್ದಳು, ಅವಳದೇ ದನಿ. ಅಮ್ಮಾಜಮ್ಮ ರಾಗಿ ಬೀಸುವುದನ್ನು ಬಿಟ್ಟು ಅಲ್ಲೇ ಕೂತು ಅತ್ತಳು. ಅತ್ತು ಮುಗಿಯುವ ಹೊತ್ತಿಗೆ ಹೊಸ ಅನುಮಾನ ಹುಟ್ಟಿತ್ತು. ಇಷ್ಟು ಬೇಗ ವಾಸಿಯಾಗುವುದೆಂದರೆ ಏನು? ಎಂಥ ಪುಡಿ ಅದು?

ಮುಂದಿನ ಭಾನುವಾರ ಸೊಸೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, "ಅರಿಶಿನ ತರ್ತೀನಿ" ಎಂದು ಸುಳ್ಳು ಹೇಳಿ, ಮೊಣಕಾಲು ನೋವಿನಲ್ಲೂ ಕುಂಟುತ್ತ ವಾಂಗನ ಹಿಂದೆ ಬಿದ್ದಳು. ಆತ ಮೆಲ್ಲಗೆ ನಡೆದು ಮಾಂಸದಂಗಡಿಯ ಬೀದಿಗೆ ತಿರುಗಿದ. ಹುಣಿಸೆಮರದ ಮರೆಯಲ್ಲಿ ನಿಂತು ನೋಡಿದಳು. ಅಂಗಡಿಯ ಸಾಬರು ಕುರಿಯ ಗಂಟಲ ಕೊಳವೆಯ ಎರಡು ಪಕ್ಕದಿಂದ ಏನನ್ನೋ ಬಿಡಿಸಿ, ಮುತ್ತುಗದ ಎಲೆಯಲ್ಲಿ ಸುತ್ತಿ ಕೊಟ್ಟರು. ಕೆಂಪಗೆ, ಎರಡು ಸಣ್ಣ ಗಡ್ಡೆ. ಮಾಂಸ ತಿನ್ನುವವನು ತೊಡೆ ಕೇಳುತ್ತಾನೆ, ಪಕ್ಕೆ ಕೇಳುತ್ತಾನೆ. ಗಂಟಲ ಗಡ್ಡೆ ಕೇಳುವವನು ಮಾಟಗಾರನಲ್ಲದೆ ಮತ್ಯಾರು? ಮನೆಗೆ ಬಂದವಳು ಹುಡುಗಿಯ ಮುಖ ನೋಡಿದಳು. ಕೆಂಪು ಕೆಂಪಾಗಿ, ಗೆಲುವಾಗಿತ್ತು. ಪುಡಿಯನ್ನು ತಿಪ್ಪೆಗೆ ಎಸೆಯಲು ಕೈ ಬರಲಿಲ್ಲ.

ಆದರೆ ಒಂದು ಕಟ್ಟುಪಾಡು ಮಾಡಿದಳು. ಹುಳುಮನೆಗೆ ಹೊಗೆ ಆಗದು, ಬೀಡಿ ಸೇದಿದವನನ್ನು ಹೊಸ್ತಿಲು ದಾಟಿಸುವುದಿಲ್ಲ. ಸೊಸೆಯ ಸೀರೆಯಲ್ಲಿ, ಕೂದಲಲ್ಲಿ ಆ ಮಾಚಿಪತ್ರೆಯ ಹೊಗೆ ಹಿಡಿದಿದೆ. "ಮದ್ದು ಮುಗಿಯೋಗಂಟ ನೀನು ಹುಳುಮನೆ ಕಡೆ ತಲೆ ಹಾಕಬೇಡ ಕಣೇ. ನಾನೇ ನೋಡ್ಕೊತೀನಿ."

"ನಿಮಗೆ ಕಣ್ಣು ಮಂಜು ಅತ್ತೆ."

"ನೀನು ಹುಟ್ಟೋಕೆ ಮುಂಚೆಯಿಂದ ಸಾಕ್ತಿದೀನಿ."

ಅರವತ್ತೆರಡರ ಭಾದ್ರಪದದಲ್ಲಿ ಸೋನೆ ಹಿಡಿಯಿತು. ನಾಲ್ಕನೆಯ ಜ್ವರದಿಂದ ಎದ್ದ ಹುಳು, ಇನ್ನೇನು ಹಣ್ಣಾಗಬೇಕು, ಸಪ್ಪೆರೋಗ ಹತ್ತಿ ಎರಡೇ ದಿನದಲ್ಲಿ ಕೊಳೆತು ನಾರಿತು. ನಲವತ್ತು ತಟ್ಟೆ ಹುಳುವನ್ನು ಗುಂಡಿ ತೋಡಿ ಮುಚ್ಚಿದರು. ಅಮ್ಮಾಜಮ್ಮನಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಹೊಗೆ! ಸೊಸೆ ಬಾಗಿಲಲ್ಲಿ ನಿಂತರೂ ಅವಳ ಸೀರೆಯಿಂದ ಒಳಗೆ ಹೊಕ್ಕಿರಬೇಕು. ಹುಳು ಸಾಕುವ ಗುಟ್ಟು ಕೇಳಿದವನು, ಗಡ್ಡೆ ಕೊಳ್ಳುವವನು, ಅವನದೇ ಕೆಲಸ. ಆ ದಿನವೇ ಪುಡಿಯೂ ನಿಂತಿತು, ಚಿಂತಾಮಣಿಯ ದಾರಿಯೂ ನಿಂತಿತು.

ತಿಂಗಳೊಳಗೆ ಪಂಚಾಯ್ತಿ ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂತು. ಚೀಣಾದವರು ಗಡಿ ದಾಟಿದ್ದಾರೆ ಎಂದು ಕೇಳಿದ್ದೇ ಅಮ್ಮಾಜಮ್ಮ ಎದ್ದು ನಿಂತಳು. "ನಾನು ಅವತ್ತೇ ಅಂದ್ಕೊಂಡೆ!" ಮಗ ಬೇಡವೆಂದರೂ ಕೇಳದೆ ಚಿಂತಾಮಣಿಯ ಪೊಲೀಸರ ಹತ್ತಿರ ಹೋಗಿ ಒದರಿದಳು. ರೇಷ್ಮೆಯ ಗುಟ್ಟು ಕೇಳಿದ, ಬೆಳೆ ಹಾಳು ಮಾಡಿದ, ಕುರಿಯ ಗಂಟಲ ಗಡ್ಡೆ ತರ್ತಾನೆ, ಪುಡಿ ಮಾಡ್ತಾನೆ. ಬರೆದುಕೊಂಡವರು ಕಾಗದ ತಿರುಗಿಸಿದರು, ಇವಳು ಹೆಬ್ಬೆಟ್ಟು ಒತ್ತಿದಳು. ಹಿಂತಿರುಗುವಾಗ ಬಸ್ಸಿನಲ್ಲಿ ದೊಡ್ಡ ಕೆಲಸ ಮಾಡಿದ ಸಮಾಧಾನದಲ್ಲಿ ನಿದ್ದೆ ಬಂತು.

ಕಾರ್ತಿಕದ ಹೊತ್ತಿಗೆ ವೆಂಕಟರತ್ನಮ್ಮ ಮತ್ತೆ ಕಂಬಳಿ ಹೊದ್ದಳು. ಮುಖ ಊದಿತು. ಒಂದು ದಿನ ಹಗಲು ಹನ್ನೆರಡಕ್ಕೆ ಮಲಗಿದವಳನ್ನು ಎಬ್ಬಿಸಲು ಚನ್ನಕೇಶವ ಹೆಸರು ಹಿಡಿದು ಕೂಗಿ ಕೂಗಿ ಸಾಕಾದ. ಕಣ್ಣು ಬಿಟ್ಟವಳ ಕೈ ಹಿಡಿದು ಅಮ್ಮಾಜಮ್ಮ, "ಆ ಚೀಣಿಯವನು ಹುಳೂನೂ ಕೊಂದ, ನಿನ್ನೂ ಕೊಲ್ತಾವ್ನೆ ಕಣೇ" ಎಂದು ಗೋಳಿಟ್ಟಳು.

ಹುಡುಗಿ ನಿಧಾನವಾಗಿ, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ ಹೇಳಿದಳು: "ಅತ್ತೆ, ಹೊಗೆಯಿಂದ ಅಲ್ಲ. ನೀವು ಒದ್ದೆ ಸೊಪ್ಪು ಹಾಕ್ತಿದ್ರಿ. ನಾನು ಬಾಗಿಲಿಂದ ನೋಡ್ದೆ. ನಿಮಗೆ ನೀರು ಕಾಣ್ತಿರ್ಲಿಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲವೇ?"

"ಒಳಕ್ಕೆ ಬರಬೇಡ ಅಂದಿದ್ರಲ್ಲ. ಹೇಳಿದ್ರೆ ನೀವು ನೊಂದ್ಕೊಳ್ತಿದ್ರಿ."

ಮಳೆಯ ಸೊಪ್ಪನ್ನು ಒರೆಸಿ ಆರಿಸದೆ ಹಾಕಬಾರದು ಎನ್ನುವುದು ಹುಳು ಸಾಕುವವರ ಮನೆಯ ಎಳೆಮಗುವಿಗೂ ಗೊತ್ತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಅಂತಾರಲ್ಲ, ಹಾಗಾಗಿತ್ತು. ಅಮ್ಮಾಜಮ್ಮ ಹುಡುಗಿಯ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದು ಹೊದಿಸಿದಳು. ಆ ಹೊತ್ತಿನ ಬಸ್ಸಿಗೇ ಒಬ್ಬಳೇ ಚಿಂತಾಮಣಿಗೆ ಹೊರಟಳು, ಪುಡಿ ತರಲು.

ವಾಂಗನ ಅಂಗಡಿಯ ಮುಂದೆ ಪೊಲೀಸ್ ವ್ಯಾನು ನಿಂತಿತ್ತು. ಜನ ಸೇರಿದ್ದರು. ಮುದುಕ ಒಂದು ಟ್ರಂಕು ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಪೇದೆಯೊಬ್ಬ ಇವಳನ್ನು ಗುರುತು ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಬಾಮ್ಮಾ, ಬಾ! ಹೆಬ್ಬೆಟ್ಟು ಒತ್ತಿದ ದಿಬ್ಬೂರಹಳ್ಳಿ ಅಮ್ಮ ಅಲ್ವೇನಮ್ಮ ನೀನು?" ಎಂದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ವಾಂಗ್ ತಿರುಗಿ ನೋಡಿದ. ಟ್ರಂಕನ್ನು ಮೆಟ್ಟಿಲ ಮೇಲೆ ಇಳಿಸಿದ. ಆಮೇಲೆ, "ಹುಡುಗಿ ಹೆಂಗವಳೆ?" ಎಂದ.

"ಮತ್ತೆ ಊದ್ಕೊಂಡವಳೆ. ಎಬ್ಬಿಸಿದ್ರೆ ಏಳಲ್ಲ."

"ಪುಡಿ ನಿಲ್ಲಿಸಿದ್ರಾ? ನಿಲ್ಲಿಸಬಾರದಮ್ಮ. ಸೂಜಿ ಮೈನೋವಿಗೆ. ಒಲೆ ಉರಿಸೋದು ಪುಡಿ. ಕುರಿ ಗಂಟಲ ಗಡ್ಡೆ, ನೆರಳಲ್ಲಿ ಒಣಗಿಸಿದ್ದು. ನನ್ನಲ್ಲಿದ್ದ ಪುಡಿಯೆಲ್ಲ ಇವರು ಕಟ್ಟಿ ಇಟ್ಟವರೆ. ಆ ಗಡ್ಡೆ ಯಾವುದು ಅಂತ ನಿಮಗೆ ಗೊತ್ತಲ್ಲ, ಹುಣಿಸೆಮರದ ಹಿಂದೆ ನಿಂತು ನೋಡಿದ್ರಲ್ಲ."

"ನಿಮಗೆ ಗೊತ್ತಿತ್ತಾ?"

"ನಿಮ್ಮ ಮೊಣಕಾಲು ನೋವು ಅಂತ ನಿಧಾನವಾಗಿ ನಡೆದೆ." ಪೇದೆ ತೋಳು ಹಿಡಿದ. ವಾಂಗ್ ಅವಸರದಿಂದ ಹೇಳಿದ: "ನೀವೇ ತೂಕ ಹಾಕಿ ಕೊಡಬೇಡಿ, ಜಾಸ್ತಿ ಆದ್ರೆ ಎದೆ ಹೊಡ್ಕೊಂಡು ಪ್ರಾಣಕ್ಕೆ ಬರುತ್ತೆ. ಬೆಂಗಳೂರು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಆ ಗಡ್ಡೆ ಡಾಕ್ಟರಿಗೆ ತೋರ್ಸಿ, ಇದರ ಪುಡಿಯಿಂದ ವಾಸಿ ಆಗಿತ್ತು ಅನ್ನಿ. ಅವರಿಗೆ ತಿಳಿಯುತ್ತೆ. ಅವರ ಹತ್ರ ಗುಳಿಗೆ ಇರುತ್ತೆ."

ಅಮ್ಮಾಜಮ್ಮ ವ್ಯಾನಿನ ಬಾಗಿಲಿಗೆ ಅಡ್ಡ ನಿಂತು, "ನಾನು ಹೇಳಿದ್ದೆಲ್ಲ ಸುಳ್ಳು ಸ್ವಾಮಿ! ಹುಳು ಕೊಂದೋಳು ನಾನು. ಆ ಕಾಗದ ಹರಿದಾಕಿ" ಎಂದು ಕೂಗಿದಳು. ವ್ಯಾನಿನ ಪಕ್ಕದಲ್ಲಿದ್ದ ಪೊಲೀಸ್ ಸಾಹೇಬರು ನಕ್ಕುಬಿಟ್ಟರು. "ಚೀಣಾದವರನ್ನೆಲ್ಲ ಹಿಡೀರಿ ಅಂತ ಮೇಲಿನ ಆರ್ಡರ್ ಕಣಮ್ಮ. ನಿನ್ನ ಕಾಗದ ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಅದನ್ನಾದರೂ ನಂಬಿಕೊಂಡಿದ್ದರೆ ಅವಳ ಎದೆ ಹಗುರವಾಗುತ್ತಿತ್ತು. ಆದರೆ ನಂಬುವ ಅಭ್ಯಾಸ ಅವಳಿಗೆ ಎಲ್ಲಿತ್ತು?

ವ್ಯಾನು ಹೋದ ಮೇಲೆ ಮಾಂಸದಂಗಡಿಯ ಬೀದಿಗೆ ಬಂದಳು. ಮೂರ್ನಾಲ್ಕು ಜನ ನಿಂತಿದ್ದರು.

"ಕುರಿ ಗಂಟಲ ಗಡ್ಡೆ ಬೇಕು ಸಾಬ್ರೆ. ಎರಡು ಪಕ್ಕದಲ್ಲಿರ್ತದಲ್ಲ, ಅದು."

ಸಾಬರ ಕತ್ತಿ ನಿಂತಿತು. "ಅದು ಆ ಚೀಣಿಯವನು ಒಯ್ತಿದ್ದುದಲ್ವಾ? ನಿಮಗ್ಯಾಕಮ್ಮ? ಅವನಿಗೂ ನಿಮಗೂ ಏನು?"

ನಿಂತಿದ್ದವರು ಒಂದೊಂದು ಹೆಜ್ಜೆ ದೂರ ಸರಿದರು. ಒಬ್ಬ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇನ್ನೊಬ್ಬ, "ಇವಳದೂ ಏನೋ ಐತೆ ಕಣ್ರಪ್ಪ, ಪೊಲೀಸ್ನೋರಿಗೆ ಹೇಳಿ" ಎಂದ. ಆ ನೋಟ ಅಮ್ಮಾಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅರವತ್ತು ವರ್ಷ ಅವಳೇ ಲೋಕವನ್ನು ಹಾಗೆ ನೋಡಿದ್ದಳು.

"ಹೇಳಿ. ಅವರು ಬರೋಗಂಟ ಇಲ್ಲೇ ನಿಂತಿರ್ತೀನಿ" ಎಂದಳು. "ನೀವು ಮಾತ್ರ ಕೊಯ್ದು ಕೊಡಿ ಸಾಬ್ರೆ. ನಮ್ಮ ಮನೆ ಹುಡುಗಿ ಬದುಕಬೇಕು."

ಸಾಬರು ಅವಳ ಮುಖ ನೋಡಿ, ಮತ್ತೆ ಕತ್ತಿ ಎತ್ತಿಕೊಂಡರು. ಅಮ್ಮಾಜಮ್ಮ ಸೆರಗೊಡ್ಡಿದಳು.