ಬ್ರೇಕ್ ಪೆಡಲು ಬಲ್ಲ ಪಾದಗಳು

ನಾನು ಒಂದು ಬ್ರೇಕ್ ಪೆಡಲು. ಕಾರಿನಲ್ಲಿ ಕೂತವರನ್ನೆಲ್ಲ ಪಾದದಿಂದಲೇ ಬಲ್ಲೆ. ತಲೆಯೆತ್ತಿ ಮುಖ ನೋಡುವ ಭಾಗ್ಯ ನನಗಿಲ್ಲ. ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ, ಬಗ್ಗಿಸಿ, ತುದಿಗೆ ರಬ್ಬರಿನ ಟೊಪ್ಪಿಗೆ ತೊಡಿಸಿದಾಗ ನಾನು ಹುಟ್ಟಿದೆ. ನನ್ನ ಬಲಕ್ಕೆ ವೇಗದ ಪೆಡಲು ಇದ್ದ. ಎಲ್ಲರಿಗೂ ಅವನ ಮೇಲೇ ಪ್ರೀತಿ. ನನ್ನ ನೆನಪಾಗುವುದು ಎದುರಿಗೆ ಎಮ್ಮೆ ಬಂದಾಗ ಮಾತ್ರ.

ಮೊದಲ ಒಡೆಯ ಒಬ್ಬ ವಕೀಲ. ಬೂಟುಗಾಲಿನಿಂದ ನನ್ನನ್ನು ಒದ್ದೇ ಒದ್ದ. ನನ್ನ ರಬ್ಬರು ಸವೆಯುವ ಹೊತ್ತಿಗೆ ಅವನಿಗೆ ಹೊಸ ಕಾರಿನ ಆಸೆ ಹುಟ್ಟಿತು. ಹಳೆಯದನ್ನು ಗದಗಿನ ಫಕ್ಕೀರಪ್ಪನಿಗೆ ಮಾರಿಬಿಟ್ಟ.

ಫಕ್ಕೀರಪ್ಪನದು ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಮುದ್ರಣಾಲಯ. ಯಂತ್ರ ಕಂಡರೆ ಸಾಕು, ಬಿಚ್ಚಿ ನೋಡುವ ಚಟ. ಕಾರನ್ನು ಗ್ಯಾರೇಜಿಗೆ ಕಳಿಸುವುದೆಂದರೆ ಅವನಿಗೆ ಮಾನ ಹೋದಂತೆ. ಚಕ್ರ ಬಿಚ್ಚುವುದು, ಡ್ರಮ್ಮಿನ ಧೂಳು ಒರೆಸುವುದು, ಸವೆದ ಬ್ರೇಕ್ ಶೂ ಬದಲಿಸುವುದು, ಎಲ್ಲ ಮನೆಯ ಅಂಗಳದಲ್ಲೇ. ಆದರೆ ಬ್ರೇಕಿನ ಕೊಳವೆಯೊಳಗೆ ಗಾಳಿ ಸೇರಿದರೆ ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ನನ್ನನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ಲೆಂಬ ಸಣ್ಣ ತಿರುಪನ್ನು ಪಾನಾದಿಂದ ಸಡಿಲಿಸಬೇಕು. ಎಣ್ಣೆಯ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ. ನಿಪ್ಪಲ್ಲು ಮತ್ತೆ ಬಿಗಿಯಾಗುವ ತನಕ ನನ್ನನ್ನು ಬಿಡಕೂಡದು. ಬಿಟ್ಟರೆ ಹೋದ ಗಾಳಿ ಹಾಗೇ ಒಳಗೆ ಬರುತ್ತದೆ.

ಒತ್ತುವ ಕೆಲಸ ಅವನ ಹೆಂಡತಿ ನೀಲವ್ವನದು. ದಸರೆಯಲ್ಲಿ ಯಂತ್ರಗಳಿಗೆ ಮಾಡುವ ಖಂಡೆ ಪೂಜೆಯ ದಿನ ಆಕೆ ನನಗೂ ಕುಂಕುಮ ಹಚ್ಚುತ್ತಿದ್ದಳು. ಪೂಜೆ ಮಾಡಿದ್ದನ್ನು ತುಳಿಯುವುದು ಪಾಪವೆಂದು, ಪ್ರತಿಸಲವೂ ಚಪ್ಪಲಿ ಬಿಟ್ಟು, ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಾಲಿಡುವಳು. ವಕೀಲನ ಬೂಟಿನೇಟು ತಿಂದ ನನಗೆ ಅದೆಂಥ ಮರ್ಯಾದೆ! ಆಕೆ "ಹಿಡದೇನ್ರಿ" ಅನ್ನುವಳು, ಚಕ್ರದ ಸಂದಿಯಿಂದ ಆತ "ಬಿಡು" ಅನ್ನುವನು. ಆ ಎರಡು ಮಾತಿನಲ್ಲಿ ಅವರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮಗಳು ದಾಕ್ಷಾಯಣಿಗೆ ಗಂಡು ಗೊತ್ತಾದ ವರ್ಷ ನಾನು ಮೆತ್ತಗಾದೆ. ಒತ್ತಿದರೆ ಹತ್ತಿಯ ಗಾದಿಯಂತೆ ಕುಸಿಯುತ್ತಿದ್ದೆ. ಗಾಳಿ ಸೇರಿದೆ ಎಂದು ಫಕ್ಕೀರಪ್ಪ ಅಂಗಳದಲ್ಲಿ ಜಾಕ್ ಇಟ್ಟ. ಗಂಡ ಹೆಂಡತಿ ಸೇರಿ ಗಾಳಿ ತೆಗೆದರು. ಮರುದಿನ ಮತ್ತೆ ಅದೇ ಹಾಡು. ಆತ ಮಾಸ್ಟರ್ ಸಿಲಿಂಡರಿನ ವಾಷರು ಬದಲಿಸಿದ, ರಬ್ಬರಿನ ಪೈಪು ಬದಲಿಸಿದ, ಎಲ್ಲಾದರೂ ಎಣ್ಣೆ ಸೋರಿದೆಯೇ ಎಂದು ಕೊಳವೆಯುದ್ದಕ್ಕೂ ಬೆರಳಾಡಿಸಿ ನೋಡಿದ. ಏನು ಮಾಡಿದರೂ ನಾನು ಗಟ್ಟಿಯಾಗಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ಅವನ ಪಾಡು.

ದೋಷ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನೀಲವ್ವನ ಪಾದ ನನ್ನ ಮೇಲೆ ನಡುಗುತ್ತಿತ್ತು. "ಬಿಡು" ಅನ್ನುವ ಮೊದಲೇ ಅದು ಸೋತು ಮೇಲೇಳುತ್ತಿತ್ತು. ಆಕೆ ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು ಅದುಮುತ್ತಿದ್ದಳು, ಆದರೂ ಬಾಯಲ್ಲಿ "ಹಿಡದೇನ್ರಿ" ಎಂದೇ ಅನ್ನುತ್ತಿದ್ದಳು. ನನಗೆ ಬಾಯಿದ್ದಿದ್ದರೆ ಅಂದೇ ಕೂಗಿ ಹೇಳುತ್ತಿದ್ದೆ.

ಒಂದು ದಿನ ಆಕೆ ಸಂತೆಗೆ ಹೋಗಿದ್ದಾಗ ಫಕ್ಕೀರಪ್ಪ ಪಕ್ಕದ ಮನೆಯ ಇಮಾಮಸಾಬರನ್ನು ಕರೆದು ಸೀಟಿನಲ್ಲಿ ಕೂರಿಸಿದ. ಸಾಬರ ಕಾಲು ಬಿತ್ತು ನೋಡಿ, ಸ್ವಲ್ಪ ಹೊತ್ತಿಗೇ ನಾನು ಕಲ್ಲಿನಂತೆ ಗಟ್ಟಿಯಾದೆ. ಬ್ರೇಕ್ ಸರಿಹೋಯಿತೆಂದು ಸಾಬರು ಖುಷಿಪಟ್ಟರು. ಫಕ್ಕೀರಪ್ಪ ಪಾನಾ ಕೆಳಗಿಟ್ಟ. ರಿಪೇರಿಗೆ ಇಳಿದವರು ಒಂದೊಂದೇ ಭಾಗ ಬದಲಿಸಿ ನೋಡುತ್ತಾರೆ. ಆತ ಎಲ್ಲವನ್ನೂ ಬದಲಿಸಿ ನೋಡಿದ್ದ, ಒತ್ತುವ ಕಾಲೊಂದನ್ನು ಬಿಟ್ಟು.

ಸಂತೆಯಿಂದ ಬಂದವಳನ್ನು ಅದೇ ಸೀಟಿನಲ್ಲಿ ಕೂರಿಸಿ, ಕಾರಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಕಾಲಿಗೆ ಏನಾಗಿದೆ ಎಂದು ಕೇಳಿದ. ಆಕೆ ಮೊದಲು ನಕ್ಕು ಹಾರಿಸಿದಳು, ಆಮೇಲೆ ಅತ್ತಳು.

"ನಮ್ಮವ್ವಗೂ ಹಿಂಗ ಕಾಲಿನಿಂದನ ಸುರು ಆಗಿತ್ರಿ. ಬೀಗರಿಗೆ ಗೊತ್ತಾದ್ರ, ನಾಳೆ ಹುಡುಗೀಗೂ ಬರತೈತಿ ಅಂತಾರ. ಅಕ್ಷತಿ ಬೀಳೂ ತನಕ ಬಾಯಿ ಬಿಡಬ್ಯಾಡ್ರಿ."

ದವಾಖಾನೆಗಾದರೂ ಹೋಗೋಣವೆಂದು ಆತ ಅಂಗಲಾಚಿದ. ಹೋದರೆ ಸುದ್ದಿ ಊರೆಲ್ಲ ಆಗುತ್ತದೆ ಎಂದು ಆಕೆ ಒಪ್ಪಲಿಲ್ಲ. ಕಡೆಗೆ ಆತನೂ ಸುಮ್ಮನಾದ. ಮಗಳ ಮದುವೆಯ ಕಾರ್ಡನ್ನು ತಾನೇ ಅಚ್ಚು ಹಾಕಿದ, ಅದನ್ನು ಹಂಚಲು ಊರೂರು ತಿರುಗಿದ. ಪಕ್ಕದಲ್ಲಿ ಕೂತ ಹೆಂಡತಿಗೆ ಕುಲುಕಾಟ ಆಗಬಾರದೆಂದು, ದಾರಿಯಲ್ಲಿ ಗುಂಡಿ ಕಂಡರೆ ದೂರದಿಂದಲೇ ನನ್ನನ್ನು ಮೆಲ್ಲಗೆ ಒತ್ತುತ್ತಿದ್ದ.

ಅಕ್ಷತೆ ಬಿತ್ತು. ಮಗಳು ಗಂಡನ ಮನೆ ಸೇರಿದ ಮೇಲೆ ಇಬ್ಬರೂ ಹುಬ್ಬಳ್ಳಿಯ ಡಾಕ್ಟರ ಬಳಿಗೆ ಹೋದರು. ನರಗಳ ರೋಗವಂತೆ, ಮೊದಲೇ ಬಂದಿದ್ದರೆ ಬೆಳೆಯದಂತೆ ತಡೆಯಬಹುದಿತ್ತಂತೆ. ಹಿಂದಿರುಗುವ ದಾರಿಯಲ್ಲಿ ಫಕ್ಕೀರಪ್ಪ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡ. ನೀಲವ್ವ ಮಾತ್ರ, ಮಗಳ ಮನೆ ತುಂಬಿತಲ್ಲ, ಇನ್ನೇನು ಬೇಕು ಎಂದಳು. ಹಾಸಿಗೆ ಹಿಡಿದವಳು ಏಳಲೇ ಇಲ್ಲ. ಆಕೆಯ ಪಾದ ಮತ್ತೆ ನನ್ನ ಮೇಲೆ ಬೀಳಲಿಲ್ಲ. ನನಗೆ ತುಂಬ ದುಃಖವಾಯಿತು.

ತಾಯಿಯ ವರ್ಷದ ಕಾರ್ಯಕ್ಕೆ ದಾಕ್ಷಾಯಣಿ ಹೆಣ್ಣು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕಾರು ಬಹಳ ದಿನ ನಿಂತೇ ಇತ್ತು. ನಾನು ಮತ್ತೆ ಮೆತ್ತಗಾಗಿದ್ದೆ. ಅಪ್ಪ ಒಬ್ಬನೇ ಒದ್ದಾಡುವುದನ್ನು ನೋಡಲಾರದೆ, ತಾನು ಒತ್ತುತ್ತೇನೆಂದು ಮಗಳು ಬಂದು ಕೂತಳು. ಒತ್ತಿ ಹಿಡಿದಿದ್ದೇನೆಂದು ಅವ್ವನಂತೆಯೇ ಕೂಗಿ ಹೇಳಿದಳು. ಆತ ನಿಪ್ಪಲ್ಲು ಸಡಿಲಿಸಿದ. ಆಕೆಯ ಪಾದ ನಡುಗಿತು, ಆತ "ಬಿಡು" ಅನ್ನುವ ಮೊದಲೇ ಮೇಲೆದ್ದಿತು.

ಈ ಸಲ ಫಕ್ಕೀರಪ್ಪ ಸಿಲಿಂಡರು ನೋಡಲಿಲ್ಲ, ಪೈಪು ನೋಡಲಿಲ್ಲ. ನಿಪ್ಪಲ್ಲು ಬಿಗಿಯುವುದನ್ನೂ ಮರೆತು, ಎಣ್ಣೆ ನೆಲಕ್ಕೆ ಸುರಿಯುತ್ತಿರಲು, ಎದ್ದು ಬಾಗಿಲಿಗೆ ಬಂದ.

"ಯಾವಾಗಿಂದ?"

"ಏನಿಲ್ಲಪ್ಪಾ. ಕೂಸಿನ ಸಲುವಾಗಿ ನಿದ್ದಿ ಆಗವಲ್ದು, ಅದಕ್ಕ."

"ನಾಳೆ ಹುಬ್ಬಳ್ಳಿಗೆ ಹೋಗೂಣು."

"ನಮ್ಮ ಅತ್ತಿ ಮಾವಗ ಏನ ಹೇಳ್ಲಿ?"

"ಅವರಿಗೆ ನಾ ಹೇಳತೀನಿ. ಇನ್ನ ಮುಚ್ಚಿಡೂದು ಬ್ಯಾಡವ್ವಾ."

ಇಮಾಮಸಾಬರು ಬಂದು ಬ್ರೇಕಿನ ಕೆಲಸ ಮುಗಿಸಿಕೊಟ್ಟರು. ಮರುದಿನ ಹುಬ್ಬಳ್ಳಿಗೆ ಹೋದೆವು, ಕೂಸು ದಾಕ್ಷಾಯಣಿಯ ತೊಡೆಯ ಮೇಲಿತ್ತು. ಡಾಕ್ಟರು ಏನು ಹೇಳಿದರೆಂದು ಬರುವಾಗ ಕಾರಿನಲ್ಲಿ ಯಾರೂ ಆಡಲಿಲ್ಲ. ಮನೆ ಮುಂದೆ ಕಾರು ನಿಂತು, ಇಂಜಿನ್ ಆರಿದ ಮೇಲೂ ಫಕ್ಕೀರಪ್ಪ ನನ್ನ ಮೇಲಿಂದ ಕಾಲು ತೆಗೆಯದೆ ಕೂತಿದ್ದ.

ಆಮೇಲೆ ಕಾರು ಕೈ ಬದಲಾಯಿಸಿತು, ಹಳೆಯದಾಯಿತು, ಗುಜರಿಗೆ ಬಂತು. ಈಗ ನಾನು ತುಕ್ಕಿನ ರಾಶಿಯಲ್ಲಿ ಬಿದ್ದಿದ್ದೇನೆ. ದಾಕ್ಷಾಯಣಿಗೆ ಔಷಧ ಹತ್ತಿತೋ ಇಲ್ಲವೋ ತಿಳಿಯದು. ಅಂದು ಆಕೆಯ ತೊಡೆಯ ಮೇಲಿದ್ದ ಕೂಸು ಈಗ ಬೆಳೆದು ದೊಡ್ಡದಾಗಿರಬೇಕು. ಅದರ ಪಾದ ನನ್ನನ್ನು ಎಂದೂ ಮುಟ್ಟಲಿಲ್ಲ. ಹೇಗಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.