ಲೈನ್ ಸಿಕ್ಕ ದಿನ

"ಬೆನ್ನು ತೋರಿಸಿಕೊಂಡು ನನ್ನ ಹತ್ರ ಮಾತಾಡಬೇಡಿ. ನಾನೇನು ಗೋಡೆಯಾ?"

"ಒಂದು ನಿಮಿಷ ಕಣೇ."

"ಮೂರು ದಿನದಿಂದ ಇದೇ ಒಂದು ನಿಮಿಷ ನಡೀತಾ ಇದೆ. ಯಾವ ಸೀಮೆ ಗಡಿಯಾರ ನಿಮ್ಮದು?"

ಅವನು ತಿರುಗಲಿಲ್ಲ. ಹಳೇ ಕಂಪ್ಯೂಟರಿನಿಂದ ಡಯಲ್ ಮಾಡಿ ಒಳಹೊಕ್ಕು ಓದಿ ಬರೆಯುವ ಒಂದು ಬೋರ್ಡಿಗೆ ಬೆಳಗಿನಿಂದ ಕರೆದು ಕರೆದು ಬೆರಳುಗಳು ಸೋತಿದ್ದವು. ಸಿಕ್ಕಿದ್ದೆಲ್ಲ 'ಬಿಡುವಿಲ್ಲ' ಎಂಬ ಉತ್ತರ. ಈಗ ಆ ಕಡೆ ಯಾರೋ ಎದ್ದು ಹೋಗಿರಬೇಕು, ಲೈನ್ ಸಿಕ್ಕಿತ್ತು. ಹಳೇ ಟಿವಿಯ ಉಬ್ಬಿದ ಗಾಜಿನ ಮೇಲೆ ಅಕ್ಷರಗಳು ಒಂದೊಂದಾಗಿ, ಕೆಟ್ಟ ನಲ್ಲಿಯ ಹನಿಯಂತೆ, ಬೀಳುತ್ತಿದ್ದವು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬಡ್ತಿ ಕೊಟ್ಟು ದೂರದ ಊರಿಗೆ ಹಾಕಿದ್ದರು. ಒಲ್ಲೆ ಎಂದರೆ ಬಡ್ತಿ ಹೋಗುತ್ತದೆ, ಮನೆ ಉಳಿಯುತ್ತದೆ. ಕರೆದೊಯ್ಯಲು ಅವಳ ತಮ್ಮ ಕಾರು ತರುವವನಿದ್ದ.

"ಹೋಗಬೇಡ ಅನ್ನಿ, ಪೆಟ್ಟಿಗೆ ಬಿಚ್ಚಿ ಬಟ್ಟೆ ಒಳಗಿಡ್ತೀನಿ. ಹೋಗು ಅನ್ನಿ, ಹೋಗ್ತೀನಿ. ನಿಮ್ಮ ಬಾಯಿಂದ ಒಂದು ಮಾತು ಬರಲಿ, ಸಾಕು."

"ನಿನ್ನಿಷ್ಟ."

"ನನ್ನಿಷ್ಟ ನನಗೆ ಗೊತ್ತಿಲ್ವಾ? ನಾನು ಕೇಳಿದ್ದು ನಿಮ್ಮದು."

ಅವಳು ಒಳಗೆ ಹೋದಳು. ಅವನು ಕಾಲೇಜಿನಲ್ಲಿ ಅಲೆಗಳ ಬಗ್ಗೆ ಗಂಟೆಗಟ್ಟಲೆ ನೀರು ಕುಡಿಯದೆ ಪಾಠ ಮಾಡುವ ಮನುಷ್ಯ. ಅವಳು ಹೋಗಬಾರದು ಎಂಬುದು ಅವನಿಗೆ ಹಲ್ಲುನೋವಿನಷ್ಟು ಖಚಿತವಾಗಿ ಗೊತ್ತಿತ್ತು. ಆ ಒಂದು ಮಾತು ಗಂಟಲಲ್ಲಿ ಬಂದು ನಿಂತು ಮೂರು ದಿನವಾಗಿತ್ತು. ಹೇಳುತ್ತೇನೆ, ಈ ಪುಟ ಮುಗಿಯಲಿ, ಅಂದುಕೊಂಡ.

ಎದ್ದರೆ ಲೈನ್ ಹೋಗುತ್ತದೆ. ಆ ಬೋರ್ಡಿನ ಯಜಮಾನ ಯಾವುದೋ ದೇಶದಲ್ಲಿ ಕೂತ ಮೊಂಡ. ಹಿಂದೆ ಅವನ ಮನೆಗೆ ಇದ್ದದ್ದು ಒಂದೇ ಟೆಲಿಫೋನ್ ಲೈನು, ಹಾಗಾಗಿ ಒಂದು ಸಲಕ್ಕೆ ಒಬ್ಬನಿಗೆ ಪ್ರವೇಶ. ಈಗ ನೂರು ಜನರನ್ನು ಒಟ್ಟಿಗೆ ಬಿಟ್ಟುಕೊಳ್ಳಬಹುದು. ಬಿಡುವುದಿಲ್ಲ. ಬಂದವನು ಓದಲಿ, ನಾಲ್ಕು ಸಾಲು ಬರೆದಿಡಲಿ, ಎದ್ದು ಹೋಗಲಿ, ಆಮೇಲೆ ಮುಂದಿನವನು. ಯಜಮಾನನ ಈ ಹಟ ಅವನಿಗೆ ಬಹಳ ಹಿಡಿಸಿತ್ತು. ತನಗೋಸ್ಕರ ಇಡೀ ಬಾಗಿಲು ತೆರೆದಿದೆ, ಒಳಗೆ ಬೇರೆ ಯಾರೂ ಇಲ್ಲ ಅನ್ನಿಸುವ ಜಾಗ ಅವನಿಗೆ ಇನ್ನೆಲ್ಲಿತ್ತು?

ಮಿಷನ್ನು ಅವನ ಹುಡುಗುಪ್ರಾಯದ್ದು. ಕೀಲಿಮಣೆಯೇ ಕಂಪ್ಯೂಟರು, ಟಿವಿಯೇ ಪರದೆ. ಕೀಲಿಗಳು ಹಳದಿಗಟ್ಟಿದ್ದವು. ಅದನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಹಿಂದಕ್ಕೊಂದು ಪುಟ್ಟ ವೈಫೈ ಮೋಡೆಮ್ ಸಿಕ್ಕಿಸಿದ್ದ. ಮೊದಲ ಸಲ ಅಕ್ಷರ ಬಿದ್ದಾಗ ಕಣ್ಣು ತುಂಬಿ ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ.

ಅವಳ ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದ. ಬಾಡಿಗೆ ಕಾರು ಓಡಿಸುವವನು, ಬಾಯಿ ಸುಮ್ಮನಿರುವುದಿಲ್ಲ.

"ಏನ್ ಭಾವ, ಇದಿನ್ನೂ ಉಸಿರಾಡ್ತಿದೆಯಾ?"

"ಹೂಂ."

"ಹಿಂದ್ಗಡೆ ಏನದು, ಸೋಪಿನ ಡಬ್ಬಿ?"

"ಮೋಡೆಮ್ಮು. ಮಿಷನ್ನು ಇದನ್ನ ಫೋನ್ ಲೈನ್ ಅಂತ ತಿಳ್ಕೊಂಡಿರುತ್ತೆ. ಹಿಂದಿನ ಹಾಗೇ ಡಯಲ್ ಮಾಡು ಅನ್ನುತ್ತೆ. ಇದು ವೈಫೈನಲ್ಲಿ ಹೋಗಿ ಬರುತ್ತೆ."

"ಮನೆ ಫೋನ್ ತೆಗೆಸಿ ಎಷ್ಟೋ ವರ್ಷ ಆಯ್ತು ಅಂತ ಪಾಪ ಅದಕ್ಕೆ ಯಾರೂ ಹೇಳೇ ಇಲ್ವಾ?"

ಒಳಗಿನಿಂದ ಅವಳ ದನಿ ಬಂತು: "ಹೇಳಿ ನೋಡೋ. ಅದಾದ್ರೂ ಉತ್ತರ ಕೊಡಬಹುದು."

"ಅಕ್ಕ, ರೆಡಿನಾ?"

"ನಿಮ್ಮ ಭಾವನ್ನ ಕೇಳು."

"ಏನ್ ಭಾವ, ಅಕ್ಕ ರೆಡಿನಾ?"

ಅವನು ನಕ್ಕ. ನಗುವ ಜಾಗವಲ್ಲ ಎಂದು ಗೊತ್ತಿದ್ದೂ ನಕ್ಕ. ಬಾಮೈದ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ.

ಆ ಬೋರ್ಡಿನಲ್ಲಿ ಯಜಮಾನನಿಗೆಂದು ಒಂದು ಕರೆಗಂಟೆಯಿತ್ತು. ಮನೆಯಲ್ಲಿದ್ದರೆ ಬಂದು ಮಾತಾಡುತ್ತಾನೆ. ಅವನು ಗಂಟೆ ಒತ್ತಿದ. ಪರದೆ ಎರಡು ಹೋಳಾಯಿತು. 'ಇದ್ದೇನೆ, ಹೇಳಿ' ಎಂದು ಮೇಲಿನ ಹೋಳಿನಲ್ಲಿ ಮೂಡಿತು.

ಅವನ ಬೆರಳು ತಾನಾಗಿ ಓಡಿತು. ಇಂಗ್ಲಿಷಿನಲ್ಲಿ, ತಡವರಿಸದೆ, ಬರೆದ: 'ನನ್ನ ಹೆಂಡತಿ ಮನೆ ಬಿಟ್ಟು ಹೋಗುತ್ತಿದ್ದಾಳೆ. ಈಗ, ನನ್ನ ಬೆನ್ನ ಹಿಂದೆ. ಹೋಗಬೇಡ ಎನ್ನಬೇಕು. ಅವಳಿಲ್ಲದೆ ನನಗಾಗುವುದಿಲ್ಲ.'

ಬರೆದದ್ದನ್ನು ತಾನೇ ಓದಿದ. ಎಷ್ಟು ಸಲೀಸು.

ಮೇಲಿನ ಹೋಳಿನಲ್ಲಿ ಅಕ್ಷರಗಳು ಬಂದವು: 'ಅಯ್ಯೋ, ಕಷ್ಟ. ಅಂದ ಹಾಗೆ ಯಾವ ಮಿಷನ್ನು? ವೇಗ ಎಷ್ಟಕ್ಕಿಟ್ಟಿದ್ದೀರಿ? ನನ್ನದು ಸ್ವಲ್ಪ ಜೋರು ಮಾಡಿದರೆ ಅಕ್ಷರ ನುಂಗುತ್ತದೆ.'

ಥೂ, ಎಂದು ಎದ್ದು ಹೋಗಬೇಕಿತ್ತು. ಅವನು ಕುರ್ಚಿ ಮುಂದಕ್ಕೆಳೆದುಕೊಂಡ. ಮಿಷನ್ನಿನ ಹೆಸರು ಬರೆದ. ವೇಗ ಬರೆದ. ತನ್ನದೂ ಮೊದಲು ಅಕ್ಷರ ನುಂಗುತ್ತಿತ್ತು, ತಂತಿ ಬೆಸುಗೆ ಹಾಕಿ ಸರಿಪಡಿಸಿದೆ ಎಂದು ಉದ್ದಕ್ಕೆ ಬರೆದ. ಅವನ ಮುಖದಲ್ಲಿ ಸಂತೋಷವಿತ್ತು. ಯಾರಾದರೂ ನೋಡಿದ್ದರೆ ಅದೇ ಹೇಳುತ್ತಿದ್ದರು.

ನೋಡಿದವಳು ಅವಳೇ. ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತಿದ್ದಳು. ಕೋಪ ಇಳಿದಿತ್ತು.

"ನಮ್ಮ ಮದುವೆ ಹೊಸದರಲ್ಲಿ ನೀವು ಇದರ ಮುಂದೆ ಕೂತಾಗ ನಾನು ಒಳಗಿನ ರೂಮಲ್ಲಿ ಫೋನ್ ಎತ್ತುತ್ತಿದ್ದೆ. ನೆನಪಿದೆಯಾ?"

"ಲೈನ್ ಕಟ್ಟಾಗ್ತಿತ್ತು."

"ಯಾರಿಗೂ ಫೋನ್ ಮಾಡೋಕಲ್ಲ. ನೀವು ಬೈಕೊಂಡಾದ್ರೂ ಹೊರಗೆ ಬರಲಿ ಅಂತ. ಬರ್ತಿದ್ರಿ. ಬೈತಿದ್ರಿ. ಆಮೇಲೆ ಇಬ್ರೂ ನಗ್ತಿದ್ವಿ." ಅವಳು ಮೋಡೆಮ್ಮಿನ ಸಣ್ಣ ದೀಪ ನೋಡಿದಳು. "ಈಗ ಏನನ್ನ ಎತ್ತಲಿ, ಹೇಳಿ."

ಅವಳು ರಿಸೀವರ್ ಎತ್ತಿದ ಗಳಿಗೆಯಲ್ಲಿ ಪರದೆ ತುಂಬ ಹರಿದು ಬರುತ್ತಿದ್ದ ಅರ್ಥವಿಲ್ಲದ ಚಿಹ್ನೆಗಳು ಅವನ ಕಣ್ಣ ಮುಂದೆ ಬಂದವು. ಆಗ ಅದನ್ನು ಕಸ ಎನ್ನುತ್ತಿದ್ದ. ಈಗ ಅಂಥದೊಂದು ಸಾಲಿಗೆ ಏನು ಬೇಕಾದರೂ ಕೊಟ್ಟಾನು.

ಬಾಯಿ ತೆರೆದ.

"ಔಷಧಿ ಡಬ್ಬಿ ತಗೊಂಡಿದ್ದೀಯಾ?" ಎಂದ.

"ತಗೊಂಡಿದ್ದೀನಿ," ಎಂದಳು.

ಅವಳು ಬಾಗಿಲು ಎಳೆದುಕೊಳ್ಳದೆ ಹೋದಳು. ಡಿಕ್ಕಿ ಮುಚ್ಚಿದ ಸದ್ದು ಕೇಳಿತು. ಅವನು ಎದ್ದ. ಈ ಸಲ ನಿಜಕ್ಕೂ ಎದ್ದ. ಕುರ್ಚಿ ಹಿಂದಕ್ಕೆ ಜಾರಿತು, ಮಾತು ನಾಲಗೆಯ ತುದಿಗೆ ಬಂದಿತ್ತು.

ಆಗ ಪರದೆಯ ಕೆಳಗೆ ಹೊಸ ಸಾಲೊಂದು ಮೂಡಿತು. ಯಜಮಾನ ಊಟಕ್ಕೆ ಎದ್ದು ಹೋಗಿದ್ದ. ಇದು ಬೋರ್ಡಿನದೇ ಮಾತು, ಸುಮ್ಮನೆ ಕೂತವರನ್ನೆಲ್ಲ ಅದು ಕೇಳುವುದು: 'ಬಹಳ ಹೊತ್ತಿನಿಂದ ನಿಮ್ಮ ಸದ್ದಿಲ್ಲ. ಇದ್ದೀರಾ? ಇದ್ದರೆ ಯಾವುದಾದರೂ ಕೀಲಿ ಒತ್ತಿ.'

ಅವನು ಬಗ್ಗಿ ಒತ್ತಿದ.

ಸಾಲು ಅಳಿಸಿಹೋಯಿತು. ಹೊರಗೆ ಕಾರು ಹೊರಟಿತು. ತೆರೆದ ಬಾಗಿಲಲ್ಲಿ ಬೀದಿಯ ಬಿಸಿಲು ಬಿಟ್ಟರೆ ಇನ್ನೇನೂ ಇರಲಿಲ್ಲ. ಅವನು ಬಾಗಿಲ ಕಡೆ ಮುಖ ಮಾಡಿ, ಒಂದು ಕೈ ಕೀಲಿಮಣೆಯ ಮೇಲಿಟ್ಟುಕೊಂಡು, ನಿಂತೇ ಇದ್ದ. ಅವಳು ಬರಲಿಲ್ಲ. ಬೋರ್ಡು ಮತ್ತೆ ಕೇಳಿತು. ಅವನು ನೋಡದೆಯೇ ಒತ್ತಿದ. ಬಿಸಿಲು ಬಾಗಿಲಿಂದ ಸರಿಯುವವರೆಗೂ ಅದು ಕೇಳುತ್ತಲೇ ಇತ್ತು, ಅವನು ಇದ್ದೇನೆ ಎನ್ನುತ್ತಲೇ ಇದ್ದ.